ದಾರಿಯ ಸುಂಕ: ಯಂತ್ರ ಯಾವುದು, ಲೆಕ್ಕ ಯಾರದು?

(ಪುಣೆಯಲ್ಲಿ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಾಹಿತ್ಯದ ವಿಷಯವಾಗಿ ಸೊಗಸಾಗಿ ಮಾತನಾಡಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ನಾವಾದರೋ ಬಿ.ಕಾಂ. ಓದಿ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಜಮಾ-ಖರ್ಚು ಬರೆಯುವವರು. ಅಲಂಕಾರ, ರಸ, ಧ್ವನಿ ಇವು ನಮಗೆ ದೂರ. ಆದರೂ ಕಾರ್ಯದರ್ಶಿಗಳು, "ನಿಮಗೆ ತಿಳಿದುದನ್ನೇ ನಾಲ್ಕು ಮಾತಿನಲ್ಲಿ ಹೇಳಿರಿ" ಎಂದು ಒತ್ತಾಯಪಡಿಸಿದ್ದರಿಂದ, ನಮ್ಮ ಕೌಂಟರಿಗೆ ದಿನವೂ ಬರುವ ಒಂದು ವಿಷಯವನ್ನೇ ಆರಿಸಿಕೊಂಡಿದ್ದೇವೆ. ಅದು ರಸ್ತೆಯ ಸುಂಕ. ಜನರ ಬಾಯಲ್ಲಿ ಟೋಲ್.

ಇದು ನಮಗೆ ಸಂಬಂಧಪಡದ ವಿಷಯವೆಂದು ಯಾರೂ ಭಾವಿಸಬಾರದು. ಹೊರನಾಡಿನಲ್ಲಿ ನೆಲೆಸಿದವರಿಗೆ ಊರಿಗೂ ನಮಗೂ ನಡುವೆ ಇರುವುದು ರಸ್ತೆ. ದೀಪಾವಳಿಗೆ ಪುಣೆಯಿಂದ ಬೆಳಗಾವಿಗೆ ಹೊರಟರೆ ಖೇಡ್-ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೊಳ್ಳಿ, ಹತ್ತರಗಿ ಎಂದು ಒಂದಾದ ಮೇಲೊಂದು ನಾಕಾ. ಮಕ್ಕಳು ಇವುಗಳ ಹೆಸರನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ; ಕೊಗನೊಳ್ಳಿ ಬಂತೆಂದರೆ ಕರ್ನಾಟಕ ಬಂತೆಂದು ಚಪ್ಪಾಳೆ ಹಾಕುತ್ತಾರೆ. ಸ್ವಂತ ಕಾರಿಲ್ಲದವರೂ ಸುಂಕದಿಂದ ಪಾರಾದವರಲ್ಲ. ಬಸ್ಸಿನ ಟಿಕೇಟಿನಲ್ಲಿ ಅದು ಸೇರಿದೆ. ಲಾರಿಯಲ್ಲಿ ಬರುವ ಬೆಲ್ಲದ ಬೆಲೆಯಲ್ಲಿಯೂ ಸೇರಿದೆ.

ಸುಂಕವೆಂಬುದು ಕನ್ನಡಿಗರಿಗೆ ಹೊಸತಲ್ಲ. ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆಯೇ ಇದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಇಂದು ಆ ಸುಂಕದವನ ಜಾಗದಲ್ಲಿ ಯಂತ್ರ ಬಂದು ನಿಂತಿದೆ. ಸುಂಕದವನು ದುಃಖ ಕೇಳದಿದ್ದರೂ ಅವನಿಗೆ ಕಿವಿಯಾದರೂ ಇತ್ತು. ಯಂತ್ರಕ್ಕೆ ಅದೂ ಇಲ್ಲ. ಆದ್ದರಿಂದ ಯಂತ್ರವನ್ನು ಆರಿಸುವಾಗಲೇ, ತಪ್ಪಾದರೆ ಕೇಳುವವರು ಯಾರು ಎಂಬುದನ್ನೂ ಆರಿಸಬೇಕು. ಇದೇ ಇಂದು ನಾವು ಅರಿಕೆ ಮಾಡಿಕೊಳ್ಳಬೇಕೆಂದಿರುವ ಮಾತು.

ಮೊದಲು ಯಂತ್ರದ ಕೆಲಸವೇನೆಂದು ನೋಡೋಣ. ಯಾವ ಬಗೆಯ ಸುಂಕದ ಏರ್ಪಾಡಾದರೂ ನಾಲ್ಕು ಕೆಲಸ ಮಾಡಲೇಬೇಕು. ಬಂದ ವಾಹನ ಯಾರದೆಂದು ಗುರುತಿಸಬೇಕು. ಅದು ಕಾರೋ, ಬಸ್ಸೋ, ಹೆಚ್ಚು ಅಚ್ಚುಗಳ ಲಾರಿಯೋ ಎಂದು ತರಗತಿ ತಿಳಿಯಬೇಕು. ಹಣ ವಸೂಲು ಮಾಡಬೇಕು. ಹಣ ಕೊಡದೆ ಹೋದವನನ್ನು ಹಿಡಿಯುವುದಕ್ಕೂ ಸುಮ್ಮನೆ ಹಣ ಕಳೆದುಕೊಂಡವನಿಗೆ ಹಿಂದಿರುಗಿಸುವುದಕ್ಕೂ ಒಂದು ದಾರಿ ಇರಬೇಕು. ಮೊದಲಿನ ಮೂರು ಕೆಲಸಗಳ ವಿಷಯವಾಗಿ ಎಲ್ಲರೂ ಮಾತನಾಡುತ್ತಾರೆ. ನಾಲ್ಕನೆಯದರ ಕಡೆಗೆ ಗಮನ ಕಡಿಮೆ.

ನಗದು ಕಾಲದಲ್ಲಿ ಈ ನಾಲ್ಕನ್ನೂ ಗೂಡಿನಲ್ಲಿ ಕುಳಿತ ಒಬ್ಬ ಹುಡುಗನೇ ಮಾಡುತ್ತಿದ್ದ. ಕಣ್ಣಿನಿಂದ ನೋಡಿ, ಕೈಯಿಂದ ಹಣ ತೆಗೆದುಕೊಂಡು, ಚೀಟಿ ಹರಿದುಕೊಡುತ್ತಿದ್ದ. ಚಿಲ್ಲರೆ ಇಲ್ಲದಿದ್ದರೆ ಚಾಕಲೇಟು ಕೊಡುತ್ತಿದ್ದ. ಸಾಲು ಬೆಳೆದು, ಎಂಜಿನುಗಳು ಸುಮ್ಮನೆ ಉರಿದು, ಸಮಯವೂ ಡೀಸೆಲ್ಲೂ ವ್ಯರ್ಥವಾಗುತ್ತಿದ್ದವು. ಮತ್ತೊಂದು ದೋಷವೂ ಇತ್ತು: ಲಾರಿಯ ಹಣ ತೆಗೆದುಕೊಂಡು ಕಾರೆಂದು ಬರೆದರೆ, ನಡುವಿನ ಹಣ ಎಲ್ಲಿ ಹೋಯಿತೆಂದು ಹೇಳುವವರಿಲ್ಲ.

ಈ ತೊಂದರೆಗೆ ಪರಿಹಾರವಾಗಿ ಬೇರೆ ಬೇರೆ ದೇಶಗಳು ಬೇರೆ ಬೇರೆ ಯಂತ್ರಗಳನ್ನು ಆರಿಸಿದವು. ಸಿಂಗಾಪುರದಲ್ಲಿ 1998ರಲ್ಲಿ, ವಾಹನದೊಳಗೆ ಒಂದು ಪೆಟ್ಟಿಗೆಯನ್ನಿಟ್ಟು, ಅದರೊಳಗೆ ಹಣ ತುಂಬಿದ ಕಾರ್ಡನ್ನು ಸೇರಿಸಿ, ರಸ್ತೆಯ ಮೇಲಿನ ಕಮಾನಿನ ಕೆಳಗೆ ಹಾದಾಗ ಹಣ ಕಳೆಯುವ ಏರ್ಪಾಡು ಬಂದಿತು. ಜರ್ಮನಿಯಲ್ಲಿ 2005ರ ಜನವರಿಯಿಂದ ಭಾರಿ ಲಾರಿಗಳ ಸುಂಕವನ್ನು ಉಪಗ್ರಹದ ಸಹಾಯದಿಂದ, ಓಡಿದ ದೂರವನ್ನು ಅಳೆದು ಲೆಕ್ಕ ಹಾಕತೊಡಗಿದರು. ಕೆನಡಾದ ಟೊರಾಂಟೊ ನಗರದ ಬಳಿಯ 407ನೆಯ ಹೆದ್ದಾರಿ 1997ರಲ್ಲಿ ತೆರೆದಾಗ ಅಲ್ಲಿ ಸುಂಕದ ಗೂಡೇ ಇರಲಿಲ್ಲ. ಪೆಟ್ಟಿಗೆ ಇದ್ದವರನ್ನು ಅದರಿಂದಲೂ, ಇಲ್ಲದವರನ್ನು ನಂಬರ್ ಪ್ಲೇಟಿನ ಚಿತ್ರದಿಂದಲೂ ಗುರುತಿಸಿ ಮನೆಗೆ ಬಿಲ್ಲು ಕಳುಹಿಸುತ್ತಿದ್ದರು.

ನಮ್ಮ ದೇಶ ಆರಿಸಿಕೊಂಡ ಬಗೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಈ ವಿಷಯವನ್ನು ಪರಿಶೀಲಿಸುವುದಕ್ಕೆ ಕೇಂದ್ರ ಸರ್ಕಾರ ಬೆಂಗಳೂರಿನವರೇ ಆದ ನಂದನ್ ನಿಲೇಕಣಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತ್ತು. ಅದು 2010ರಲ್ಲಿ ವರದಿ ಒಪ್ಪಿಸಿತು. ಬ್ಯಾಟರಿಯುಳ್ಳ ಪೆಟ್ಟಿಗೆ, ಉಪಗ್ರಹ ಮೊದಲಾದ ಮಾರ್ಗಗಳಿದ್ದರೂ ಸಮಿತಿ ಆರಿಸಿದ್ದು ಎಲ್ಲಕ್ಕಿಂತ ಸರಳವಾದುದನ್ನು, ಅಂದರೆ ಗಾಜಿಗೆ ಅಂಟಿಸುವ, ಬ್ಯಾಟರಿಯೇ ಇಲ್ಲದ ಒಂದು ಚೀಟಿಯನ್ನು. ನಾಕಾದ ಮೇಲಿನ ಯಂತ್ರ ಬಿಡುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ಆ ಚೀಟಿ ತನ್ನ ಸಂಖ್ಯೆಯನ್ನು ಹೇಳುತ್ತದೆ. ನಮ್ಮಲ್ಲಿ ಆ ಅಲೆಗೆ ಗೊತ್ತುಪಡಿಸಿದ್ದು 865ರಿಂದ 867 ಮೆಗಾಹರ್ಟ್ಸ್. ಚೀಟಿ ಅಗ್ಗ, ಯಾವ ಕಂಪನಿಯಾದರೂ ತಯಾರಿಸಬಹುದು, ಒಂದೇ ಚೀಟಿ ದೇಶದ ಎಲ್ಲ ಕಡೆಗೂ ನಡೆಯುತ್ತದೆ. ಬಡ ಲಾರಿಯವನೂ ಕೊಳ್ಳಬಹುದಾದ ಯಂತ್ರವನ್ನು ಆರಿಸಿದ್ದು ವಿವೇಕದ ಕೆಲಸವೆಂದೇ ನಮ್ಮ ಅಭಿಪ್ರಾಯ.

ಇದೇ ಫಾಸ್ಟ್ಯಾಗ್. 2014ರಲ್ಲಿ ಅಹಮದಾಬಾದ್-ಮುಂಬಯಿ ಹೆದ್ದಾರಿಯಲ್ಲಿ ಪ್ರಯೋಗವಾಯಿತು. 2017ರ ಡಿಸೆಂಬರ್ 1ರಿಂದ ಮಾರಾಟವಾಗುವ ಹೊಸ ನಾಲ್ಕು ಚಕ್ರದ ವಾಹನಗಳಿಗೆ ಕಡ್ಡಾಯವಾಯಿತು. 2021ರ ಫೆಬ್ರವರಿ 15ರ ನಡುರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಯ ನಾಕಾಗಳ ಎಲ್ಲ ಸಾಲುಗಳೂ ಫಾಸ್ಟ್ಯಾಗ್ ಸಾಲುಗಳಾದವು. ಚೀಟಿ ಇಲ್ಲದವನು ಎರಡರಷ್ಟು ಕೊಡಬೇಕಾಯಿತು. 2025ರ ನವೆಂಬರ್ 15ರಿಂದ, ಚೀಟಿ ಇಲ್ಲದವನು ಯು.ಪಿ.ಐ. ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು ಎಂದು ನಿಯಮ ತಿದ್ದಲಾಯಿತು.

ಚೀಟಿಯ ಹಿಂದೆ ನಡೆಯುವ ವ್ಯವಹಾರ ನಮ್ಮ ಉದ್ಯೋಗಕ್ಕೆ ಸೇರಿದ್ದು. ಚೀಟಿ ಕೊಟ್ಟ ಬ್ಯಾಂಕು ಒಂದು, ನಾಕಾದ ಲೆಕ್ಕ ಹಿಡಿದ ಬ್ಯಾಂಕು ಇನ್ನೊಂದು. ಚೆಕ್ಕು ಕ್ಲಿಯರಿಂಗಿಗೆ ಹೋಗುವಂತೆ, ಇವೆರಡರ ನಡುವಿನ ಕೊಡುಕೊಳ್ಳುವಿಕೆಯನ್ನು ರಾಷ್ಟ್ರೀಯ ಪಾವತಿ ನಿಗಮವು ಹೊಂದಿಸುತ್ತದೆ. ಖಾತೆಯಲ್ಲಿ ಹಣ ಸಾಲದ ಚೀಟಿಗಳ ಸಂಖ್ಯೆಗಳು ಕಪ್ಪುಪಟ್ಟಿಗೆ ಸೇರಿ ನಾಕಾಗಳಿಗೆ ತಿಳಿಯುತ್ತವೆ.

ಇಷ್ಟು ತಿಳಿದ ಮೇಲೆ ಮುಖ್ಯ ಪ್ರಶ್ನೆಗೆ ಬರೋಣ. ಎಲ್ಲ ರಸ್ತೆಗಳಿಗೂ ಒಂದೇ ಚೀಟಿ ಸರಿ. ಆದರೆ ಎಲ್ಲ ರಸ್ತೆಗಳ ಹಣವೂ ಒಂದೇ ಚೀಲಕ್ಕೆ ಹೋಗುವುದಿಲ್ಲ. ನಾಕಾಗಳು ನೋಡುವುದಕ್ಕೆ ಒಂದೇ ತರಹ. ಒಳಗಿನ ಖಾತೆಗಳು ಬೇರೆ.

ಸರ್ಕಾರವೇ ಹಣ ಹಾಕಿ ಕಟ್ಟಿದ ರಸ್ತೆ ಒಂದು ಬಗೆ. ಅಲ್ಲಿಯ ಸುಂಕ ಸರ್ಕಾರದ ಬೊಕ್ಕಸಕ್ಕೆ. ವಸೂಲಿಗೆ ಮಾತ್ರ ಗುತ್ತಿಗೆದಾರರನ್ನು ಇಡುತ್ತಾರೆ. ಖಾಸಗಿಯವರು ತಮ್ಮ ಹಣವನ್ನೂ ಬ್ಯಾಂಕುಗಳಿಂದ ತಂದ ಸಾಲವನ್ನೂ ಹಾಕಿ ಕಟ್ಟಿ, ಇಂತಿಷ್ಟು ವರ್ಷ ಸುಂಕವನ್ನು ತಾವೇ ತೆಗೆದುಕೊಂಡು, ಬಳಿಕ ಸರ್ಕಾರಕ್ಕೆ ಒಪ್ಪಿಸುವುದು ಎರಡನೆಯ ಬಗೆ. 1995ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯಿದೆಯನ್ನು ತಿದ್ದಿದ ಮೇಲೆ ಇದಕ್ಕೆ ದಾರಿಯಾಯಿತು. 2016ರಲ್ಲಿ ಬಂದ ಮೂರನೆಯ ಬಗೆ ಮಿಶ್ರಪದ್ಧತಿ: ಕಟ್ಟುವಾಗ ವೆಚ್ಚದ ನೂರಕ್ಕೆ 40 ಭಾಗ ಸರ್ಕಾರ ಕೊಡುತ್ತದೆ, ಉಳಿದ 60 ಭಾಗ ಕಟ್ಟಿದವನು ತಂದು ಹಾಕಿ, ಅದನ್ನು ಸರ್ಕಾರದಿಂದ ಕಂತುಗಳಲ್ಲಿ ಪಡೆಯುತ್ತಾನೆ. ಅಲ್ಲಿ ಸುಂಕ ಸರ್ಕಾರದ್ದು. ಕಟ್ಟಿದವನಿಗೆ ವಾಹನ ಹತ್ತು ಹೋದರೂ ಹತ್ತು ಸಾವಿರ ಹೋದರೂ ಕಂತು ಅಷ್ಟೆ.

ಈಗ ಒಬ್ಬೊಬ್ಬರ ಮನಸ್ಸನ್ನು ವಿಚಾರಿಸಿರಿ. ಖಾಸಗಿ ರಸ್ತೆಯವನಿಗೆ ಸುಂಕ ಕೊಡದೆ ನುಸುಳಿದ ಪ್ರತಿಯೊಂದು ವಾಹನವೂ ಸ್ವಂತ ಜೇಬಿಗೆ ತೂತು. ಅವನ ಮೇಲೆ ಸಾಲದ ಬಡ್ಡಿ ಇದೆ. ಆದ್ದರಿಂದ ಅವನಿಗೆ ಅಡ್ಡಗಂಬ ಬೇಕು, ಎರಡೆರಡು ಕ್ಯಾಮೆರಾ ಬೇಕು, ತಪ್ಪಿಸಿಕೊಂಡವನ ಮೇಲೆ ಕಠಿಣವಾದ ತಗಾದೆ ಬೇಕು. ಅವನನ್ನು ದೂಷಿಸಿ ಫಲವಿಲ್ಲ. ಸಾಲ ಕೊಟ್ಟ ಬ್ಯಾಂಕಿನವರಾದ ನಾವೂ ಅವನನ್ನು ಹಾಗೆಯೇ ಕೇಳುತ್ತೇವೆ. ಸರ್ಕಾರದ ರಸ್ತೆಯಲ್ಲಿ ನೂರಕ್ಕೊಂದು ವಾಹನ ತಪ್ಪಿಸಿಕೊಂಡರೂ ಉಳಿದ ತೊಂಬತ್ತೊಂಬತ್ತು ವಾಹನ ನಿಲ್ಲದೆ ಓಡಿದರೆ ದೇಶಕ್ಕೆ ಲಾಭವೇ ಇರಬಹುದು. ಆದರೆ ಅಲ್ಲಿ ಬೇರೆ ರೋಗ: ಬೊಕ್ಕಸದ ಹಣ ಸೋರಿದರೆ ಯಾರಿಗೂ ನೋವಾಗುವುದಿಲ್ಲ. ಹೀಗೆ ಖಾಸಗಿ ರಸ್ತೆಯಲ್ಲಿ ಅತಿಯಾದ ಬಿಗಿ, ಸರ್ಕಾರದ ರಸ್ತೆಯಲ್ಲಿ ಅತಿಯಾದ ಸಡಿಲು, ಎರಡೂ ಸಂಭವ. ಯಂತ್ರವನ್ನು ಆರಿಸುವವರು ಈ ಎರಡು ಗುಣಗಳನ್ನೂ ತೂಗಿ ನೋಡಬೇಕು.

ವಾಹನಗಳ ಎಣಿಕೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಖಾಸಗಿ ಹೆದ್ದಾರಿಗಳ ಮಾದರಿ ಒಪ್ಪಂದದಲ್ಲಿ, ಗೊತ್ತುಮಾಡಿದ ವರ್ಷಕ್ಕೆ ಇಂತಿಷ್ಟು ವಾಹನ ಓಡಾಡಬೇಕೆಂದು ಅಂದಾಜು ಹಾಕಿರುತ್ತಾರೆ. ನಿಜವಾದ ಓಡಾಟ ಅದಕ್ಕಿಂತ ಕಡಿಮೆಯಾದರೆ ಸುಂಕದ ಅವಧಿ ಹಿಗ್ಗುತ್ತದೆ, ಹೆಚ್ಚಾದರೆ ಕುಗ್ಗುತ್ತದೆ. ಅಂದರೆ ಎಣಿಕೆ ತಪ್ಪಾದರೆ ನಮ್ಮ ಮಕ್ಕಳು ಇನ್ನೂ ಕೆಲವು ವರ್ಷ ಹಣ ಕೊಡಬೇಕಾಗಬಹುದು. ಆದ್ದರಿಂದ ಎಣಿಸುವ ಯಂತ್ರ ವಸೂಲಿ ಮಾಡುವವನದಾಗಿದ್ದರೂ ಎಣಿಕೆಯ ಪುಸ್ತಕ ಸಾರ್ವಜನಿಕರದಾಗಿರಬೇಕು. ಕ್ಯಾಶಿಯರನೇ ಆಡಿಟರನಾಗುವುದನ್ನು ಯಾವ ಬ್ಯಾಂಕೂ ಒಪ್ಪುವುದಿಲ್ಲವಷ್ಟೆ.

ನಮ್ಮ ಸುತ್ತಲಿನ ಉದಾಹರಣೆಯನ್ನೇ ನೋಡಿರಿ. 2002ರಲ್ಲಿ ಪೂರ್ಣವಾಗಿ ತೆರೆದ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹಾದಿಯನ್ನು ಕಟ್ಟಿಸಿದ್ದು ಮಹಾರಾಷ್ಟ್ರ ಸರ್ಕಾರದ ರಸ್ತೆ ನಿಗಮ. 2004ರಲ್ಲಿ, 918 ಕೋಟಿ ರೂಪಾಯಿಗಳನ್ನು ಮುಂಗಡವಾಗಿ ಪಡೆದು, ಸುಂಕದ ಹಕ್ಕನ್ನು 15 ವರ್ಷದ ಮಟ್ಟಿಗೆ ಖಾಸಗಿ ಕಂಪನಿಗೆ ಕೊಟ್ಟರು. ಕಟ್ಟಿದವರು ಒಬ್ಬರು, ವಸೂಲಿ ಮಾಡುವವರು ಮತ್ತೊಬ್ಬರು. ಕೇಂದ್ರ ಸರ್ಕಾರ 2025ರ ಆಗಸ್ಟ್ 15ರಂದು, 3,000 ರೂಪಾಯಿಗೆ ಒಂದು ವರ್ಷ ಅಥವಾ 200 ದಾಟುಗಳೆಂಬ ವಾರ್ಷಿಕ ಪಾಸನ್ನು ಖಾಸಗಿ ಬಳಕೆಯ ಕಾರು, ಜೀಪು, ವ್ಯಾನುಗಳಿಗಾಗಿ ಆರಂಭಿಸಿದಾಗ ನಮ್ಮ ಕೌಂಟರಿನಲ್ಲಿ ಎಷ್ಟೋ ಮಂದಿ ಉತ್ಸಾಹದಿಂದ ವಿಚಾರಿಸಿದರು. ಸಾತಾರೆಯ ದಾರಿಗೆ ಅದು ನಡೆಯುತ್ತದೆ, ಮುಂಬಯಿಯ ಎಕ್ಸ್‌ಪ್ರೆಸ್ ಹಾದಿಗೆ ನಡೆಯುವುದಿಲ್ಲವೆಂದಾಗ ಅವರಿಗೆ ಆಶ್ಚರ್ಯ. ಗಾಜಿನ ಮೇಲಿನ ಚೀಟಿ ಒಂದೇ. ಒಂದು ರಾಷ್ಟ್ರೀಯ ಹೆದ್ದಾರಿ, ಇನ್ನೊಂದು ರಾಜ್ಯದ ರಸ್ತೆ.

ಈ ಭೇದ ಯಂತ್ರದೊಳಗೂ ಇತ್ತು. 2025ರ ಫೆಬ್ರವರಿಯಲ್ಲಿ ಪಾವತಿ ನಿಗಮ ಒಂದು ನಿಯಮ ತಂದಿತು: ನಾಕಾಕ್ಕೆ ಬರುವುದಕ್ಕಿಂತ 60 ನಿಮಿಷಕ್ಕೂ ಮೊದಲೇ ಕಪ್ಪುಪಟ್ಟಿಯಲ್ಲಿದ್ದು, ದಾಟಿದ 10 ನಿಮಿಷದ ಬಳಿಕವೂ ಅದರಲ್ಲಿಯೇ ಇರುವ ಚೀಟಿಯ ಪಾವತಿ ನಡೆಯದು. ಜನ ಗಾಬರಿಯಾದರು. ಆಗ ಹೆದ್ದಾರಿ ಪ್ರಾಧಿಕಾರದವರು ವಿವರಣೆ ಕೊಟ್ಟರು: ರಾಷ್ಟ್ರೀಯ ಹೆದ್ದಾರಿಯ ನಾಕಾಗಳಿಗೆ ಚೀಟಿಯ ಸ್ಥಿತಿ ಆ ಕ್ಷಣಕ್ಕೇ ತಿಳಿಯುತ್ತದೆ, ಆದ್ದರಿಂದ ಯಾವಾಗ ಬೇಕಾದರೂ ಹಣ ತುಂಬಿ ದಾಟಬಹುದು, ರಾಜ್ಯ ಹೆದ್ದಾರಿಗಳ ಕೆಲವು ನಾಕಾಗಳು ಮಾತ್ರ ಇನ್ನೂ ಹಳೆಯ ಪದ್ಧತಿಯಲ್ಲಿವೆ, ಎಂದು. ಒಂದೇ ಪ್ರಯಾಣ, ಒಂದೇ ಚೀಟಿ, ಒಂದೇ ಖಾತೆ. ಆದರೂ ಒಂದು ನಾಕಾ ಬಿಟ್ಟೀತು, ಇನ್ನೊಂದು ತಡೆದೀತು. ಸಾಮಾನ್ಯ ಪ್ರಯಾಣಿಕ ಇದನ್ನು ಹೇಗೆ ತಿಳಿಯಬೇಕು?

ಈಗ ಕಾಲ ಇನ್ನೂ ಮುಂದಕ್ಕೆ ಹೋಗುತ್ತಿದೆ. ಅಡ್ಡಗಂಬವೇ ಬೇಡ, ವಾಹನ ನಿಲ್ಲುವುದೇ ಬೇಡ ಎಂಬ ಏರ್ಪಾಡು ಬರುತ್ತಿದೆ. 2024ರ ಜನವರಿ 12ರಂದು ತೆರೆದ, ಜಪಾನಿನ ಸಾಲದ ನೆರವಿನಿಂದ ಕಟ್ಟಿದ, 21.8 ಕಿಲೋಮೀಟರ್ ಉದ್ದದ ಮುಂಬಯಿಯ ಅಟಲ್ ಸೇತುವಿನಲ್ಲಿ ವಾಹನಗಳು ನಿಲ್ಲದೆ, ಕಮಾನಿನ ಕೆಳಗೆ ಓಡುತ್ತಲೇ ಸುಂಕ ಕೊಡುತ್ತವೆ. ಉಪಗ್ರಹದ ಪದ್ಧತಿಯನ್ನು ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿಯೂ ಹರಿಯಾಣದ ಪಾನಿಪತ್-ಹಿಸಾರ್ ಹೆದ್ದಾರಿಯಲ್ಲಿಯೂ ಪ್ರಯೋಗಿಸಿ ನೋಡಿದುದಾಗಿ 2024ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಉಪಗ್ರಹದ ಯಂತ್ರ ಹೊಂದಿದ ವಾಹನಕ್ಕೆ ದಿನಕ್ಕೆ 20 ಕಿಲೋಮೀಟರ್‌ವರೆಗೆ ಸುಂಕವಿಲ್ಲವೆಂದು ನಿಯಮವೂ ಆಯಿತು. ಆದರೆ 2025ರ ಮೇ 1ರಿಂದ ದೇಶವೆಲ್ಲ ಉಪಗ್ರಹ ಸುಂಕವೆಂಬ ಸುದ್ದಿ ಹಬ್ಬಿದಾಗ, ಅಂಥ ತೀರ್ಮಾನ ಆಗಿಲ್ಲವೆಂದೂ, ಆಯ್ದ ನಾಕಾಗಳಲ್ಲಿ ಫಾಸ್ಟ್ಯಾಗ್ ಚೀಟಿಯೊಂದಿಗೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಸೇರಿಸಿ ಅಡ್ಡಗಂಬ ತೆಗೆಯುವುದೆಂದೂ ಸರ್ಕಾರವೇ ಸ್ಪಷ್ಟಪಡಿಸಿತು. ಗುಜರಾತಿನ ಚೋರ್ಯಾಸಿ ನಾಕಾದಲ್ಲಿ ಇದನ್ನು ತರುವುದಕ್ಕೆ 2025ರ ಆಗಸ್ಟಿನಲ್ಲಿ ಬ್ಯಾಂಕೊಂದರೊಡನೆ ಒಪ್ಪಂದವಾಯಿತು.

ಉಪಗ್ರಹದ ಪದ್ಧತಿಯಲ್ಲಿ ಓಡಿದಷ್ಟಕ್ಕೇ ಸುಂಕವೆಂಬ ನ್ಯಾಯವಿದೆ. ಆದರೆ ನಾವು ಎಲ್ಲೆಲ್ಲಿ ತಿರುಗಿದೆವೆಂಬ ದಿನಚರಿ ಇನ್ನೊಬ್ಬರ ಕೈಯಲ್ಲಿರುತ್ತದೆ. ಕ್ಯಾಮೆರಾಕ್ಕೆ ಆ ಭಯ ಕಡಿಮೆ. ಆದರೆ ಅದಕ್ಕೆ ಶುದ್ಧವಾದ ಪ್ಲೇಟು ಬೇಕು. ಇಲ್ಲಿ ಒಂದು ಮಾತು: ನಮ್ಮವರಲ್ಲಿ ಕೆಲವರು ನಾಡಿನ ಅಭಿಮಾನದಿಂದ ಪ್ಲೇಟಿನ ಮೇಲೆ ಕನ್ನಡದ ಅಂಕಿಗಳನ್ನು ಬರೆಸುತ್ತಾರೆ. ಅಭಿಮಾನ ದೊಡ್ಡದು, ಆದರೆ ಮೋಟಾರು ವಾಹನ ನಿಯಮ ಅದನ್ನು ಒಪ್ಪುವುದಿಲ್ಲ, ಕ್ಯಾಮೆರಾವೂ ಓದುವುದಿಲ್ಲ. ಕನ್ನಡದ ಅಂಕಿಗಳನ್ನು ಮನೆಯ ಬಾಗಿಲ ಮೇಲೆ ಬರೆಸೋಣ, ಮಕ್ಕಳ ಪಾಟಿಯ ಮೇಲೆ ಬರೆಸೋಣ.

ಅಡ್ಡಗಂಬ ಹೋದರೆ ಸಾಲು ಹೋಗುತ್ತದೆ. ಇದು ಸಂತೋಷದ ವಿಷಯ. ಆದರೆ ಅಡ್ಡಗಂಬದ ಜೊತೆಗೆ ಹೋಗುವ ಮತ್ತೊಂದನ್ನು ಯಾರೂ ಎಣಿಸುವುದಿಲ್ಲ. ಅಡ್ಡಗಂಬದ ಬಳಿ ಜಗಳ ಅಲ್ಲಿಯೇ, ಆಗಲೇ, ಮುಖಾಮುಖಿ ತೀರುತ್ತಿತ್ತು. ಗಂಬವಿಲ್ಲದ ರಸ್ತೆಯಲ್ಲಿ ತಪ್ಪು ನಡೆದದ್ದು ತಿಳಿಯುವುದು ಮನೆಗೆ ಬಂದ ಮೇಲೆ. ತಾನು ತಪ್ಪಿತಸ್ಥನಲ್ಲವೆಂದು ತೋರಿಸುವ ಹೊರೆ ಪ್ರಯಾಣಿಕನ ತಲೆಗೆ ಬೀಳುತ್ತದೆ.

ಇದಕ್ಕೆ ನಮ್ಮ ಮನೆಯದೇ ಒಂದು ಸಂಗತಿ ಹೇಳಬೇಕು. ನಮ್ಮ ಸೋದರಮಾವನವರು ಇಪ್ಪತ್ತು ವರ್ಷಗಳಿಂದ ಪುಣೆಯಲ್ಲಿದ್ದಾರೆ. ಸ್ವಂತದೊಂದು ಟೆಂಪೋ ಇಟ್ಟುಕೊಂಡು ಕೊಲ್ಲಾಪುರದ ಬೆಲ್ಲ ತಂದು ಮಾರ್ಕೆಟ್ ಯಾರ್ಡಿಗೆ ಹಾಕುತ್ತಾರೆ. ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ಫೋನಿಗೆ ಬರುವ ಇಂಗ್ಲಿಷ್ ಸಂದೇಶ ಅವರಿಗೆ ಓದಲು ಬಾರದು. ಅಂಕಿ ಮಾತ್ರ ತಿಳಿಯುತ್ತದೆ. ಒಂದು ದಿನ ಮಧ್ಯಾಹ್ನ ಬ್ಯಾಂಕಿಗೆ ಬಂದು, ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದ ಮೇಲೆ ಫೋನನ್ನು ಕೌಂಟರಿನ ಮೇಲಿಟ್ಟು ಹೇಳಿದರು:

"ಅಳಿಯಾ, ಗಾಡಿ ಗ್ಯಾರೇಜಿನ್ಯಾಗ ಗಾಲಿ ಬಿಚ್ಚಿ ನಿಂತೈತಿ. ಗಾಲಿ ಇಲ್ಲದ ಗಾಡಿ ನಾಕಾ ಹೆಂಗ ದಾಟ್ತು?"

ನೋಡಿದೆವು. ಆ ದಿನ ಬೆಳಿಗ್ಗೆ ಒಂದು ನಾಕಾದಲ್ಲಿ ಅವರ ಖಾತೆಯಿಂದ ಸುಂಕ ಕಳೆದಿತ್ತು. ಬೇರೆ ಯಾವುದೋ ವಾಹನದ ಚೀಟಿ ಓದದೆ ಇದ್ದಾಗ ಅಲ್ಲಿಯವರು ನಂಬರನ್ನು ಕೈಯಿಂದ ಒತ್ತಿದ್ದರು. ಒಂದು ಅಂಕಿ ತಪ್ಪಿತ್ತು. ಇದು ನಮಗೆ ತಿಳಿದದ್ದು ಮೂರು ವಾರದ ಬಳಿಕ. ಅಲ್ಲಿಯವರೆಗೆ ನಾವು ತಕರಾರು ಬರೆದು ಕಳಿಸಿದ್ದು, ಗ್ಯಾರೇಜಿನವನು ಪೆನ್ಸಿಲಿನಿಂದ ಬರೆದ ಮರಾಠಿ ಬಿಲ್ಲನ್ನು ಲಗತ್ತಿಸಿದ್ದು, ಮತ್ತೆ ಮತ್ತೆ ವಿಚಾರಿಸಿದ್ದು ಎಲ್ಲವೂ ನಡೆಯಿತು. ಮಾವನವರು ಮೂರು ಸಲ ಬಾಡಿಗೆ ಬಿಟ್ಟು ಬಂದರು. ಎರಡನೆಯ ಸಲ ಬಂದಾಗ ಅವರ ಮುಖ ನೋಡುವಂತಿರಲಿಲ್ಲ.

"ಮಷೀನು ಸುಳ್ಳ ಹೇಳಂಗಿಲ್ಲ ಅಂತಾರ ಅವರು. ಹಂಗಾದ್ರ ಸುಳ್ಳ ಹೇಳಾಂವ ನಾನ ಏನು?" ಎಂದರು.

ಕಡೆಗೆ ಹಣ ಹಿಂದಿರುಗಿತು. ಆದರೆ ಅಂದು ಅವರ ಖಾತೆಯ ಹಳೆಯ ಪುಟಗಳನ್ನು ನಾವು ತಿರುವಿ ನೋಡಿದಾಗ ಅಂಥದೇ ಇನ್ನೆರಡು ಕಳೆತ ಕಂಡವು. ಅವು ಮಾವನವರ ಗಮನಕ್ಕೇ ಬಂದಿರಲಿಲ್ಲ. ತಕರಾರಿನ ಕಾಲಮಿತಿ ಮೀರಿತ್ತು. ಅವು ಹೋದದ್ದು ಹೋದವೇ. ಆ ಖಾತೆ ತೆರೆದವರು ನಾವೇ, ಸಂದೇಶ ಯಾವ ಭಾಷೆಯಲ್ಲಿ ಬರುತ್ತದೆಂದು ನೋಡದವರೂ ನಾವೇ ಎಂಬುದನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ.

ಇಂಥ ಅನುಭವ ಬಡವರಿಗೆ ಮಾತ್ರ, ನಮ್ಮ ದೇಶದಲ್ಲಿ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಮೊದಲು ಹೇಳಿದ ಟೊರಾಂಟೊದ ಹೆದ್ದಾರಿಯನ್ನು ಪ್ರಾಂತ ಸರ್ಕಾರ ಕಟ್ಟಿಸಿತ್ತು. 1999ರಲ್ಲಿ ಸುಮಾರು 310 ಕೋಟಿ ಕೆನಡಾ ಡಾಲರಿಗೆ, 99 ವರ್ಷದ ಗುತ್ತಿಗೆಯ ಮೇಲೆ ಖಾಸಗಿಯವರಿಗೆ ಕೊಟ್ಟಿತು. ಸುಂಕ ಬಾಕಿ ಇರುವವರ ಪ್ಲೇಟಿನ ನವೀಕರಣವನ್ನು ಸರ್ಕಾರವೇ ತಡೆಹಿಡಿಯಬೇಕೆಂಬ ಏರ್ಪಾಡಿತ್ತು. ಬಿಲ್ಲುಗಳಲ್ಲಿ ತಪ್ಪುಗಳು ಬಂದು ದೂರುಗಳೆದ್ದಾಗ 2000ರಲ್ಲಿ ಸರ್ಕಾರ ಆ ತಡೆಯನ್ನು ನಿಲ್ಲಿಸಿತು. ವ್ಯಾಜ್ಯ ನಡೆದು, ಕಂಪನಿಯ ಕಡೆಗೆ ತೀರ್ಪಾಗಿ, 2006ರಲ್ಲಿ ಅದು ಮತ್ತೆ ಜಾರಿಗೆ ಬಂದಿತು. ಖಾಸಗಿಯವನ ಬಾಕಿಗೆ ಸರ್ಕಾರದ ಅಧಿಕಾರವನ್ನು ಎರವಲು ಕೊಡುವಾಗ, ಬಾಕಿ ನಿಜವೋ ಸುಳ್ಳೋ ಎಂದು ಮೊದಲು ನೋಡುವವರು ಯಾರೆಂಬ ಪ್ರಶ್ನೆ ಎಷ್ಟು ಮುಖ್ಯವೆಂಬುದಕ್ಕೆ ಇದು ಸಾಕ್ಷಿ.

ಆ ಪ್ರಶ್ನೆ ಈಗ ನಮ್ಮ ಬಾಗಿಲಿಗೂ ಬಂದಿದೆ. ರಾಷ್ಟ್ರೀಯ ಹೆದ್ದಾರಿಯ ಸುಂಕ ಬಾಕಿಯಿದ್ದರೆ ವಾಹನದ ಹಸ್ತಾಂತರ, ಬೇರೆ ರಾಜ್ಯಕ್ಕೆ ವರ್ಗಾಯಿಸುವ ಆಕ್ಷೇಪಣೆಯಿಲ್ಲದ ಪತ್ರ, ಯೋಗ್ಯತಾಪತ್ರ ಮೊದಲಾದುವನ್ನು ತಡೆಹಿಡಿಯುವ ನಿಯಮ 2026ರ ಜನವರಿಯಲ್ಲಿ ಪ್ರಕಟವಾಯಿತು. ಹೊರನಾಡ ಕನ್ನಡಿಗರು ಇದನ್ನು ಬೇರೆಯವರಿಗಿಂತ ಹೆಚ್ಚು ಎಚ್ಚರದಿಂದ ಓದಬೇಕು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ವಾಹನ ಬೆಳಗಾವಿಯ ನಂಬರಿನದು, ವಿಜಯಪುರದ ನಂಬರಿನದು! ಪತ್ರದಲ್ಲಿ ಊರ ವಿಳಾಸ. ಫೋನು, ಎಂದೋ ಬಿಟ್ಟ ಹಳೆಯ ನಂಬರು. ನೋಟೀಸು ಅಲ್ಲಿಗೆ ಹೋಗುತ್ತದೆ, ನಾವು ಇಲ್ಲಿರುತ್ತೇವೆ. ಉತ್ತರ ಬಾರದಿದ್ದರೆ ಒಪ್ಪಿಕೊಂಡಂತಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ. ಗೂಡಿನ ಮುಂದಿನ ಸಾಲು ಮತ್ತೆ ಬೇಕೆಂದು ಯಾರಿಗೂ ಅನ್ನಿಸದು. ಆದರೆ ಯಂತ್ರವನ್ನು ಆರಿಸುವ ಟೆಂಡರಿನಲ್ಲಿ ಎಷ್ಟು ವೇಗ, ಎಷ್ಟು ವೆಚ್ಚ ಎಂದು ಕೇಳುವಂತೆಯೇ ಕೆಲವು ಷರತ್ತುಗಳನ್ನೂ ಹಾಕಬೇಕು. ಸುಂಕ ಕಳೆದ ಪ್ರತಿಯೊಂದು ಸಲಕ್ಕೂ ವಾಹನದ ಚಿತ್ರವಿರಬೇಕು, ಅದನ್ನು ಮಾಲೀಕನು ನೋಡುವಂತಿರಬೇಕು. ವಾಹನ ದಾಟಿತೆಂದು ತೋರಿಸುವ ಹೊರೆ ವಸೂಲಿ ಮಾಡಿದವನ ಮೇಲಿರಬೇಕು. ಕೈಯಿಂದ ಒತ್ತಿದ ನಂಬರಿಗೆ ಚಿತ್ರ ಹೊಂದದಿದ್ದರೆ ಕೇಳುವ ಮೊದಲೇ ಹಣ ಹಿಂದಿರುಗಬೇಕು. ಸಂದೇಶ ಖಾತೆದಾರನ ಭಾಷೆಯಲ್ಲಿ ಬರಬೇಕು. ಖಾಸಗಿ ರಸ್ತೆಯಲ್ಲಿ ತಕರಾರನ್ನು ತೀರ್ಮಾನಿಸುವವನು ಆ ರಸ್ತೆಯ ಸಂಬಳದವನಾಗಿರಬಾರದು. ಸರ್ಕಾರದ ರಸ್ತೆಯಲ್ಲಿ ಎಷ್ಟು ಖರ್ಚಾಯಿತು, ಎಷ್ಟು ಬಂದಿತು ಎಂಬ ಲೆಕ್ಕ ನಾಕಾದ ಫಲಕದ ಮೇಲೆಯೇ ಕಾಣಬೇಕು. ಇವು ಯಾವುವೂ ಯಂತ್ರದ ಶಕ್ತಿಗೆ ಮೀರಿದುವಲ್ಲ. ಕೇಳುವವರು ಬೇಕು, ಅಷ್ಟೆ.

ಕೇಳಿದರೆ ಫಲವಿಲ್ಲವೆಂದೂ ಅಲ್ಲ. ನಾಕಾದ ಯಂತ್ರ ಕೆಟ್ಟು, ನಮ್ಮ ಚೀಟಿ ಸರಿಯಾಗಿದ್ದು ಖಾತೆಯಲ್ಲಿ ಹಣವಿದ್ದರೆ, ಸುಂಕವಿಲ್ಲದೆ ಬಿಡಬೇಕೆಂದು 2018ರಲ್ಲಿಯೇ ನಿಯಮವಾಗಿದೆ. ಎಷ್ಟು ಮಂದಿಗೆ ಗೊತ್ತು? ತಪ್ಪಾಗಿ ಹಣ ಕಳೆದ ನಾಕಾದವರಿಗೆ ಒಂದೊಂದು ತಪ್ಪಿಗೆ 1 ಲಕ್ಷ ರೂಪಾಯಿ ದಂಡ ವಿಧಿಸತೊಡಗಿ, ಅದರಿಂದ ಇಂಥ ಪ್ರಕರಣಗಳು ನೂರಕ್ಕೆ 70ರಷ್ಟು ಕಡಿಮೆಯಾದುವೆಂದು 2025ರಲ್ಲಿ ಅಧಿಕಾರಿಗಳೇ ತಿಳಿಸಿದರು. ಯಂತ್ರ ಅದೇ, ರಸ್ತೆ ಅದೇ. ತಪ್ಪಿನ ಬೆಲೆಯನ್ನು ತಪ್ಪು ಮಾಡಿದವನ ಖಾತೆಗೆ ಬರೆದ ಕೂಡಲೆ ತಪ್ಪು ಕಡಿಮೆಯಾಯಿತು. ನಮ್ಮ ಇಷ್ಟು ಹೊತ್ತಿನ ಮಾತಿನ ಸಾರ ಇದೇ.

ಕಡೆಯದಾಗಿ, ಈ ಸಂಘದ ಕುಟುಂಬಗಳಿಗೆ ನಮ್ಮ ವಿನಂತಿ. ವಾಹನದ ಪತ್ರದಲ್ಲಿ ವಿಳಾಸವನ್ನೂ ಫೋನ್ ನಂಬರನ್ನೂ ಇಂದೇ ಸರಿಪಡಿಸಿರಿ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟ ವಾಹನದ ನಂಬರನ್ನು ಬದಲಿಸಬೇಕೆಂಬ ಕಾನೂನನ್ನು ಮರೆಯಬೇಡಿರಿ. ತಿಂಗಳಿಗೊಮ್ಮೆ ಚೀಟಿಯ ಖಾತೆಯನ್ನು ಪ್ರಯಾಣದೊಡನೆ ತಾಳೆ ನೋಡಿರಿ. ತಪ್ಪು ಕಂಡರೆ ತಡಮಾಡದೆ ಚೀಟಿ ಕೊಟ್ಟ ಬ್ಯಾಂಕಿಗೆ ತಿಳಿಸಿರಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ಕರೆ ಮಾಡಬಹುದು. ಇಂಗ್ಲಿಷ್ ಬಾರದ ಚಾಲಕರು, ಹೋಟೆಲಿನವರು, ಕೂಲಿಯವರು ನಮ್ಮಲ್ಲಿ ಬಹಳ. ಅವರಿಗಾಗಿ ಪ್ರತಿ ತಿಂಗಳ ಮೊದಲ ಭಾನುವಾರ ಸಂಘದ ವಾಚನಾಲಯದಲ್ಲಿ ಎರಡು ಗಂಟೆ ಕುಳಿತು ಸಂದೇಶ ಓದಿ ಹೇಳಲು, ತಕರಾರು ಬರೆದುಕೊಡಲು ಬ್ಯಾಂಕಿನ ಕೆಲಸದಲ್ಲಿರುವ ನಾವು ನಾಲ್ವರು ಒಪ್ಪಿಕೊಂಡಿದ್ದೇವೆ. ಅಧ್ಯಕ್ಷರು ಒಂದು ಮೇಜು, ಎರಡು ಕುರ್ಚಿ ಕೊಡಿಸಿದರೆ ಸಾಕು.

ಮೊದಲ ಭಾನುವಾರ ನಮ್ಮ ಮಾವನವರೂ ಬರುತ್ತೇವೆಂದಿದ್ದಾರೆ. ಬೆಲ್ಲ ತರುವುದಾಗಿ ಹೇಳಿದ್ದಾರೆ. ತಕರಾರು ತರುವುದಿಲ್ಲವೆಂದು ನಂಬಿದ್ದೇವೆ.  ಜೈ ಕರ್ನಾಟಕ.